ಎಲ್ಲಿಂದ ಬಿಡಿಸಿದೆ?

ಹೇಮಾವತಿ ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡ ಕಟ್ಟಡವೇನಲ್ಲ. ಹೆಂಚಿನ ಒಂದು ಮನೆ, ಮುಂದೆ ಜಗಲಿ, ಸುತ್ತ ಮುಳ್ಳುಬೇಲಿ, ಅಷ್ಟೇ.

ಅಲ್ಲಿದ್ದವರನ್ನು ಜನ ಹೊಳೆ ಗುರುಗಳು ಎನ್ನುತ್ತಿದ್ದರು. ವಯಸ್ಸಿನಲ್ಲಿದ್ದಾಗ ಅವರು ನಾಟಕದ ಕಂಪನಿಗಳಿಗೆ ಪರದೆ ಬರೆದುಕೊಡುತ್ತಿದ್ದರು. ಪರದೆ ಎಂದರೆ ರಂಗದ ಹಿಂದೆ ಇಳಿಬಿಡುವ ದೊಡ್ಡ ಬಟ್ಟೆ. ಅರಮನೆ, ಕಾಡು, ಬೀದಿ ಎಲ್ಲ ಅದರ ಮೇಲೇ ಇರುತ್ತಿತ್ತು. ಈಗ ಭಾನುವಾರ ಬಂದ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಿದ್ದರು. ಹೇಳಿಕೊಡುತ್ತಿದ್ದರು ಎನ್ನುವುದಕ್ಕಿಂತ, ಮಕ್ಕಳು ಬಿಡಿಸುವಾಗ ಪಕ್ಕದಲ್ಲಿ ಕೂತಿರುತ್ತಿದ್ದರು ಎನ್ನುವುದೇ ಸರಿ.

ಆ ದಿನ ಭಾನುವಾರವಲ್ಲ, ಗುರುವಾರ. ಆದರೂ ಶಾಲೆ ಬಿಟ್ಟ ಕೂಡಲೇ ಇಂಚರ ಓಡಿಬಂದಳು.

ಇಂಚರ ಒಂಬತ್ತನೇ ತರಗತಿಯ ಹುಡುಗಿ. ಶಾಲೆಯಲ್ಲಿ ಅವಳಿಗೆ ‘ಚಿತ್ರದ ಇಂಚರ’ ಎಂದೇ ಹೆಸರು. ಗೆಳತಿಯರ ಕೈಗೆ ಮೆಹೆಂದಿ ಹಾಕುವವಳು ಅವಳು. ಹಳೇ ಬಳೆಗೆ ರೇಷ್ಮೆ ದಾರ ಸುತ್ತಿ ಹೊಸದು ಮಾಡುವವಳು ಅವಳು. ಅರ್ಧ ತರಗತಿಯ ವಿಜ್ಞಾನದ ರೆಕಾರ್ಡಿನಲ್ಲಿ ಹೃದಯ, ಮೂತ್ರಪಿಂಡ ಬಿಡಿಸಿಕೊಟ್ಟವಳೂ ಅವಳೇ.

ಓಡಿಬಂದ ರಭಸಕ್ಕೆ ಅವಳ ಯೂನಿಫಾರ್ಮಿನ ವೇಲು ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡಿತು. ಅವಳು ಎಳೆದಳು. ಅದು ಇನ್ನಷ್ಟು ಸಿಕ್ಕಿಕೊಂಡಿತು.

“ಎಳೀಬೇಡಮ್ಮ,” ಎಂದರು ಗುರುಗಳು ಜಗಲಿಯಿಂದಲೇ. “ಎಳೆದ್ರೆ ಹರಿಯುತ್ತೆ. ನಿಂತ್ಕೋ, ಬಿಡಿಸ್ತೀನಿ.”

ಅವರು ಇಳಿದು ಬಂದು, ಒಂದೊಂದೇ ಮುಳ್ಳಿನಿಂದ ವೇಲನ್ನು ಬಿಡಿಸಿದರು. ಅಷ್ಟು ಹೊತ್ತು ಸುಮ್ಮನೆ ನಿಲ್ಲುವುದೂ ಅವಳಿಗೆ ಕಷ್ಟವಾಯಿತು.

“ಗುರುಗಳೇ, ನನಗೆ ಇರೋದು ನಾಲ್ಕೇ ದಿನ.”

“ನನಗೆ ಅಷ್ಟಾದ್ರೂ ಇದೆಯೋ ಇಲ್ವೋ. ಬಾ, ಕೂತ್ಕೋ.”

ಅದು ಅವರೆಯ ಕಾಲ. ಯಾರೋ ಭಕ್ತರು ಒಂದು ಚೀಲ ಅವರೆಕಾಯಿ ತಂದು ಜಗಲಿಯ ಮೇಲೆ ಸುರಿದು ಹೋಗಿದ್ದರು. ಗುರುಗಳು ಮೊರವನ್ನು ಅವಳ ಕಡೆ ತಳ್ಳಿದರು.

“ಬಿಡಿಸು.”

“ನಾನು ಬಂದಿದ್ದು ಚಿತ್ರದ ವಿಷಯಕ್ಕೆ, ಗುರುಗಳೇ.”

“ನಾನೂ ಬಿಡಿಸು ಅಂತಲೇ ಅಂದೆ.”

ಇಂಚರ ಒಂದು ಕಾಯಿ ತೆಗೆದುಕೊಂಡಳು. ಉಗುರಿನಿಂದ ಸಿಪ್ಪೆ ಸೀಳಿದಳು. ಗಾಬರಿಯಲ್ಲಿ ಒಳಗಿನ ಕಾಳೂ ಸೀಳಿತು.

“ಸೋಮವಾರ ಸ್ಕೂಲ್ ಡೇ,” ಎಂದಳು. “ನನ್ನ ಚಿತ್ರಕ್ಕೆ ಫಸ್ಟ್ ಪ್ರೈಜ್ ಬಂದಿದೆ. ಅದನ್ನ ಸ್ಟೇಜ್ ಮೇಲೆ ಇಡ್ತಾರಂತೆ.”

“ಒಳ್ಳೇದಲ್ವಾ?”

“ಚಿತ್ರದ ಹೆಸರು ‘ನನ್ನ ಅಜ್ಜಿ’. ಅಜ್ಜಿನೂ ಕರ್ಕೊಂಡು ಬಾ ಅಂದಿದ್ದಾರೆ ಹೆಡ್ ಮಾಸ್ಟ್ರು. ಚಿತ್ರದ ಪಕ್ಕ ನಿಲ್ಲಿಸಿ ಶಾಲು ಹೊದಿಸ್ತಾರಂತೆ.”

“ಇನ್ನೂ ಒಳ್ಳೇದು.”

“ಅಜ್ಜಿ ಆಗಲೇ ಪೆಟ್ಟಿಗೆಯಿಂದ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ, ಗುರುಗಳೇ!”

ಇದನ್ನು ಹೇಳುವಾಗ ಅವಳ ದನಿ ಒಡೆಯಿತು. ಸೀರೆ ಬಿಸಿಲಿಗೆ ಹಾಕುವುದರಲ್ಲಿ ಅಳುವಂಥದ್ದೇನೂ ಇಲ್ಲ. ಆದರೆ ಅವಳು ಅಳುವ ಹಾಗಾದಳು.

ಅವಳೇ ಬ್ಯಾಗಿನಿಂದ ಸುತ್ತಿಟ್ಟ ಹಾಳೆ ತೆಗೆದು ಬಿಚ್ಚಿದಳು. ಅಜ್ಜಿಗೆ ತೋರಿಸಿಕೊಂಡು ಬಾ ಎಂದು ಹೆಡ್ ಮಾಸ್ಟ್ರು ಕೊಟ್ಟು ಕಳಿಸಿದ್ದರು. ಅವಳು ಅಜ್ಜಿಗೆ ತೋರಿಸಿರಲಿಲ್ಲ.

ಪೆನ್ಸಿಲ್ಲಿನಲ್ಲಿ ಬಿಡಿಸಿದ ಒಬ್ಬ ಮುದುಕಿಯ ಮುಖ. ಒಂದೊಂದು ಸುಕ್ಕೂ ಎಣಿಸಬಹುದು ಎನ್ನುವ ಹಾಗಿತ್ತು. ಕಣ್ಣಿನ ಅಂಚಿನಲ್ಲಿ ನೀರಿನ ಮಿಂಚು. ಫೋಟೋ ಎಂದರೂ ನಂಬಬಹುದಾಗಿತ್ತು.

ಗುರುಗಳು ಬಹಳ ಹೊತ್ತು ನೋಡಿದರು.

“ನೀನೇ ಬಿಡಿಸಿದ್ದಾ?”

“ಹೌದು ಗುರುಗಳೇ. ನಾನೇ ಬಿಡಿಸಿದ್ದು.”

“ಎಲ್ಲಿಂದ ಬಿಡಿಸಿದೆ?”

ಮನಸ್ಸಿನಿಂದ ಎನ್ನಬೇಕೆಂದುಕೊಂಡಿದ್ದಳು ಇಂಚರ. ಹೆಡ್ ಮಾಸ್ಟ್ರಿಗೂ ಹಾಗೇ ಹೇಳಿದ್ದಳು. ಆದರೆ ಬಾಯಿಂದ ಬಂದದ್ದು ಬೇರೆ ಮಾತು.

“ಫೋನಿಂದ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಮೊದಲು ಅವಳು ತನ್ನ ಅಜ್ಜಿಯನ್ನೇ ಬಿಡಿಸಲು ಕೂತಿದ್ದಳು. ಅಜ್ಜಿ ಕೂತ ಕಡೆ ಕೂರಲಿಲ್ಲ. ಬಾಯಿ ಸೊಟ್ಟಗೆ ಬಂತು. ತರಗತಿಯಲ್ಲಿ ನಗುತ್ತಾರೆಂದು ಹೆದರಿಕೆಯಾಯಿತು. ಆ ಹಾಳೆ ಹರಿದಳು. ಅಪ್ಪನ ಫೋನಿನಲ್ಲಿ ಯಾವುದೋ ಒಬ್ಬ ಅಜ್ಜಿಯ ಫೋಟೋ ಸಿಕ್ಕಿತು. ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿದಳು. ಕಿಟಕಿಯ ಗಾಜಿಗೆ ಅಂಟಿಸಿ, ಮೇಲೊಂದು ಬಿಳಿ ಹಾಳೆ ಅಂಟಿಸಿದಳು. ಹೊರಗಿನ ಬಿಸಿಲಿಗೆ ಗೆರೆಗಳು ಕಾಣುತ್ತಿದ್ದವು. ಅದರ ಮೇಲೆ ಪೆನ್ಸಿಲ್ ಆಡಿಸಿದಳು.

“ಚಿತ್ರ ಅಂದ್ರೆ ಫೋಟೋ ಥರ ಇರಬೇಕಲ್ವಾ, ಗುರುಗಳೇ? ಹಾಗೆ ಇದ್ರೇನೇ ಎಲ್ಲರೂ ಚೆನ್ನಾಗಿದೆ ಅನ್ನೋದು.”

ಗುರುಗಳು ಚಿತ್ರದಲ್ಲಿದ್ದ ಮುದುಕಿಗೆ ಕೈಮುಗಿದರು. ತಮಾಷೆಗಲ್ಲ. ಬಾಗಿಲಿಗೆ ಬಂದ ಹಿರಿಯರಿಗೆ ಮುಗಿಯುವ ಹಾಗೇ ಮುಗಿದರು.

“ಈ ತಾಯಿ ಹೆಸರೇನು?”

“ಗೊತ್ತಿಲ್ಲ.”

“ಯಾವೂರು?”

“ಗೊತ್ತಿಲ್ಲ ಗುರುಗಳೇ.”

“ಹೆಸರು ಗೊತ್ತಿಲ್ಲದವರನ್ನ ನಿಮ್ಮಜ್ಜಿ ಮಾಡಿದೆ. ನಿಮ್ಮಜ್ಜಿನ ಏನು ಮಾಡಿದೆ?”

ಇಂಚರ ತಲೆ ತಗ್ಗಿಸಿದಳು. ಬಂದ ಕೆಲಸವನ್ನು ಮೆಲ್ಲಗೆ ಹೇಳಿದಳು.

“ನಮ್ಮಜ್ಜಿ ಹಣೆ ಮೇಲೆ ಹಚ್ಚೆ ಇದೆ. ಮೂಗಿನ ಎರಡೂ ಕಡೆ ಮೂಗುಬೊಟ್ಟು. ಇದರಲ್ಲಿ ಎರಡೂ ಇಲ್ಲ. ನೀವು ಒಂದು ಹಚ್ಚೆ, ಎರಡು ಬೊಟ್ಟು ಸೇರಿಸಿಕೊಟ್ಟುಬಿಡಿ, ಗುರುಗಳೇ. ಗಲ್ಲ ಸ್ವಲ್ಪ ಸಣ್ಣ ಮಾಡಿ. ನಿಮಗೆ ಹತ್ತು ನಿಮಿಷದ ಕೆಲಸ.”

“ಐದೇ ನಿಮಿಷ ಸಾಕು,” ಎಂದರು ಗುರುಗಳು. “ಕಂಬಕ್ಕೆ ಬೇರೆ ಬಣ್ಣ ಬಳಿದು ಕೌರವನ ಅರಮನೇನ ಪಾಂಡವರ ಅರಮನೆ ಮಾಡ್ತಿದ್ದೆ ನಾನು. ಅದೇ ಪರದೆ, ಬೆಳಗಾದ್ರೆ ಬೇರೆ ಊರು, ಬೇರೆ ನಾಟಕ.”

ಇಂಚರಳಿಗೆ ಜೀವ ಬಂದ ಹಾಗಾಯಿತು. “ಹಾಗಾದ್ರೆ ಮಾಡಿಕೊಡ್ತೀರಾ?”

“ಕೌರವ ಬಂದು ಪರದೆ ಪಕ್ಕ ನಿಂತು, ಇದು ನನ್ನ ಮನೆ ಅಲ್ವಲ್ಲ ಅಂತ ಯಾವತ್ತೂ ಅನ್ನಲಿಲ್ಲ. ನಿಮ್ಮಜ್ಜಿ ಬರ್ತಾರೆ.”

ಅವಳ ಕೈಯಲ್ಲಿದ್ದ ಕಾಯಿ ಮೊರಕ್ಕೆ ಬಿತ್ತು.

ಗುರುಗಳು ಉಳಿದ ಅವರೆಕಾಯಿಯನ್ನು ಒಂದು ಚೀಲಕ್ಕೆ ತುಂಬಿ ಅವಳ ಕೈಗೆ ಕೊಟ್ಟರು.

“ಮನೆಗೆ ತಗೊಂಡು ಹೋಗು. ಅಜ್ಜಿ ಜೊತೆ ಕೂತು ಬಿಡಿಸು. ನಾಳೆ ಕಾಳು ತಂದುಕೊಡು. ಅಲ್ಲಿವರೆಗೂ ಪೆನ್ಸಿಲ್ ಮುಟ್ಟಬೇಡ.”

“ನಾಲ್ಕು ದಿನದಲ್ಲಿ ಒಂದು ದಿನ ಹೋಯ್ತಲ್ಲ, ಗುರುಗಳೇ!”

“ಹೋಗಿದ್ದು ದಿನ. ಕಾಯಿ ಇನ್ನೂ ಇದೆ.”

ಇಂಚರಳ ಅಜ್ಜಿಯ ಹೆಸರು ಜವರಮ್ಮ. ಚೀಲ ನೋಡಿ ಅಜ್ಜಿ ನಕ್ಕುಬಿಟ್ಟಳು.

“ಏನೇ ಇದು? ನಿಮ್ಮ ಗುರುಗಳು ಚಿತ್ರ ಕಲಿಸ್ತಾರೋ, ಹುಳಿ ಮಾಡೋದು ಕಲಿಸ್ತಾರೋ?”

ಇಬ್ಬರೂ ನಡುಮನೆಯಲ್ಲಿ ಕೂತು ಬಿಡಿಸಿದರು. ಇಂಚರ ಕಾಯಿಯನ್ನೂ ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ. ಅವಳ ಕಣ್ಣ ಮುಂದೆ ಸ್ಟೇಜು ಇತ್ತು, ಹೆಡ್ ಮಾಸ್ಟ್ರ ಕೈಯಲ್ಲಿ ಶಾಲು ಇತ್ತು, ಮುಂದೆ ಕೂತ ಇಡೀ ಶಾಲೆ ಇತ್ತು.

“ಅಲ್ವೇ ಮಗ,” ಎಂದಳು ಅಜ್ಜಿ ಇದ್ದಕ್ಕಿದ್ದಂತೆ. “ಪಟದಲ್ಲಿ ನನ್ನ ಹಚ್ಚೆ ಬರೆದಿದ್ದೀಯಾ ತಾನೇ? ಮರೆತಿಲ್ಲ ತಾನೇ?”

ಇಂಚರ “ಹ್ಞೂಂ” ಎಂದಳು. ಯಾವುದಕ್ಕೆ ಹ್ಞೂಂ ಎಂದಳೋ ಅವಳಿಗೇ ತಿಳಿಯಲಿಲ್ಲ.

ಶುಕ್ರವಾರ ಸಂಜೆ ಕಾಳು ತಂದು ಗುರುಗಳ ಮುಂದಿಟ್ಟಳು.

“ಅಜ್ಜಿ ಯಾವ ಕೈಯಲ್ಲಿ ಬಿಡಿಸ್ತಾರೆ?” ಎಂದು ಕೇಳಿದರು ಗುರುಗಳು.

“ಬಲಗೈ ಇರಬೇಕು.”

“ಇರಬೇಕು?”

ಗುರುಗಳು ಒಳಗೆ ಹೋಗಿ ಇನ್ನೊಂದು ಚೀಲ ಕಾಯಿ ತಂದರು. ಆಶ್ರಮದಲ್ಲಿ ಅವರೆಕಾಯಿ ಎಷ್ಟಿದೆಯೋ ಎಂದು ಅವಳಿಗೆ ದಿಗಿಲಾಯಿತು.

“ಗುರುಗಳೇ, ನಾನೇನು ನೋಡಬೇಕು ಅದನ್ನಾದ್ರೂ ಹೇಳಿ.”

“ಕಾಯಿ ಹೇಗೆ ಬಿಡುತ್ತೆ, ಅದನ್ನ.”

ಆ ಸಂಜೆ ಇಂಚರ ನೋಡಿದಳು. ನೋಡದೆ ಬೇರೆ ದಾರಿಯಿರಲಿಲ್ಲ. ಹೇಗೂ ನಾಳೆ ಗುರುಗಳು ಕೇಳುತ್ತಾರೆ.

ಅಜ್ಜಿ ಎಡಗೈಯ ಹೆಬ್ಬೆರಳಿನಿಂದ ಬಿಡಿಸುತ್ತಿದ್ದಳು. ಬಲಗೈ ಹೆಬ್ಬೆರಳು ಬಾಗುತ್ತಲೇ ಇರಲಿಲ್ಲ.

“ಅಜ್ಜಿ, ನಿನ್ನ ಬೆರಳಿಗೆ ಏನಾಗಿದೆ?”

“ಇದಕ್ಕಾ? ನಿಮ್ಮಪ್ಪ ತೊಟ್ಟಿಲಲ್ಲಿದ್ದಾಗ ರಾಗಿ ಕೊಯ್ಯೋವಾಗ ಕುಡುಗೋಲು ತಗುಲ್ತು. ಈಗ ಕೇಳ್ತಾ ಇದ್ದೀಯಲ್ಲೇ!”

ಹದಿನಾಲ್ಕು ವರ್ಷ ಆ ಕೈಯಿಂದ ತುತ್ತು ತಿಂದಿದ್ದಳು ಇಂಚರ. ಆ ಬೆರಳನ್ನು ಕಂಡದ್ದು ಇವತ್ತು.

ಆಮೇಲೆ ಒಂದೊಂದೇ ಕಂಡಿತು. ಅಜ್ಜಿ ಸಿಪ್ಪೆ ಸೀಳುತ್ತಿರಲಿಲ್ಲ. ಕಾಯಿಯ ಬೆನ್ನನ್ನು ಮೆಲ್ಲಗೆ ಒತ್ತುತ್ತಿದ್ದಳು, ಅದೇ ಬಾಯಿ ಬಿಡುತ್ತಿತ್ತು. ಕಣ್ಣು ಕಾಯಿಯ ಮೇಲಿರಲಿಲ್ಲ, ಬೀದಿಬಾಗಿಲ ಮೇಲಿತ್ತು. ಹುಳ ಬಿದ್ದ ಕಾಯಿಯನ್ನು ನೋಡದೆಯೇ ತಿಳಿದು ಪಕ್ಕಕ್ಕೆ ಎಸೆಯುತ್ತಿದ್ದಳು. ಎಸೆಯುವಾಗ ಕೆಳತುಟಿ ಒಂದು ಕಡೆಗೆ ಹೋಗುತ್ತಿತ್ತು.

ಬಾಯಿ ಸೊಟ್ಟಗೆ ಬಂತೆಂದು ಹಾಳೆ ಹರಿದಿದ್ದಳಲ್ಲ, ಆ ಬಾಯಿ ನಿಜಕ್ಕೂ ಸೊಟ್ಟಗೇ ಇತ್ತು.

ಶನಿವಾರ ಅವಳು ಇದನ್ನೆಲ್ಲ ಹೇಳಿದಾಗ ಗುರುಗಳು ಕಣ್ಣು ಮುಚ್ಚಿ ಕೇಳಿದರು.

“ನಾಳೆ ಪೆನ್ಸಿಲ್ ತಗೊಂಡು ಬಾ,” ಎಂದರು.

ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಲೋಹಿತನೂ ಇದ್ದ. ಅವನು ಇಂಚರಳ ಬೀದಿಯ ಹುಡುಗ, ಬೇರೆ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದ. ಅವನು ಬಿಡಿಸಿದ ಎಮ್ಮೆಗೆ ಐದು ಕಾಲಿದ್ದವು.

“ಇದೇನೋ ಐದು ಕಾಲು?” ಎಂದಳು ಇಂಚರ.

“ಓಡ್ತಾ ಇದೆ ಕಣಕ್ಕ. ಎಣಿಸೋಕೆ ಎಲ್ಲಿ ನಿಲ್ತು?”

“ಚಿತ್ರ ಅಂದ್ರೆ ಇದ್ದ ಹಾಗೆ ಇರಬೇಕು ಕಣೋ. ಫೋಟೋ ಥರ.”

“ಹಾಗಾದ್ರೆ ಫೋಟೋನೇ ತೆಗೀಬಹುದಲ್ಲ. ಪೆನ್ಸಿಲ್ ಆದ್ರೂ ಉಳಿಯುತ್ತೆ.”

ಬೇರೆ ದಿನವಾಗಿದ್ದರೆ ಅವಳು ಜಗಳವಾಡುತ್ತಿದ್ದಳು. ಇವತ್ತು ಕೂತು ಬಿಡಿಸತೊಡಗಿದಳು. ಬಾಗದ ಹೆಬ್ಬೆರಳು. ಬಾಗಿಲ ಕಡೆಗಿನ ಕಣ್ಣು. ಸೊಟ್ಟ ತುಟಿ. ಪಕ್ಕಕ್ಕೆ ಎಸೆದ ಹುಳದ ಕಾಯಿ. ಹಣೆಯ ಹಚ್ಚೆ. ಒಂದು ಕಣ್ಣು ದೊಡ್ಡದಾಯಿತು. ಅಳಿಸಿದಳು. ಮತ್ತೆ ಬಿಡಿಸಿದಳು. ಮತ್ತೆ ದೊಡ್ಡದಾಯಿತು. ಅಳಿಸಿ ಅಳಿಸಿ ಹಾಳೆ ತೆಳ್ಳಗಾಯಿತು. ಮಧ್ಯಾಹ್ನದ ಹೊತ್ತಿಗೆ ಕೈ ಸೋತಿತು.

“ಚೆನ್ನಾಗಿದೆಯಾ, ಗುರುಗಳೇ?”

ಗುರುಗಳು ಹಾಳೆಯನ್ನು ಲೋಹಿತನ ಕಡೆ ತಿರುಗಿಸಿದರು. ಲೋಹಿತ ಬಗ್ಗಿ ನೋಡಿ, ಒಂದು ಹೆಜ್ಜೆ ಹಿಂದಕ್ಕೆ ಸರಿದ.

“ಅಯ್ಯೋ, ಜವರಮ್ಮಜ್ಜಿ! ಸೀಬೆಕಾಯಿ ಕದ್ದಾಗ ನನ್ನ ಬೈತಾರಲ್ಲ, ಹಂಗೇ ನೋಡ್ತಾ ಇದ್ದಾರೆ!”

ಇಂಚರ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು, ಗಾಳಿಗೆ ಹಾರದಂತೆ ಒಂದೊಂದು ಕಲ್ಲು ಹೇರಿದಳು. ಒಂದು ಕಡೆ ಗಾಜಿನ ಮೇಲೆ ಬಿಡಿಸಿದ ಚೆಂದದ ಅಜ್ಜಿ. ಇನ್ನೊಂದು ಕಡೆ ಸೊಟ್ಟ ಬಾಯಿಯ ಜವರಮ್ಮ.

“ಇದನ್ನ ಇಟ್ರೆ ಇಡೀ ಸ್ಕೂಲ್ ನಗುತ್ತೆ. ಅದನ್ನ ಇಟ್ರೆ ನಮ್ಮಜ್ಜಿ ಎಲ್ಲರ ಮುಂದೆ...” ಅವಳು ಎರಡೂ ಹಾಳೆಗಳ ಕಡೆ ಕೈ ತೋರಿಸಿದಳು. “ಯಾವುದನ್ನ ತಗೊಂಡು ಹೋಗಲಿ, ಗುರುಗಳೇ?”

ಗುರುಗಳು ಬಗ್ಗಿ ಎರಡೂ ಕಲ್ಲುಗಳನ್ನು ಎತ್ತಿಕೊಂಡರು.

ಹೊಳೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಎರಡು ಹಾಳೆಗಳೂ ಒಟ್ಟಿಗೇ ಹಾರಿದವು. ಇಂಚರ ಚೀರಿ, ಜಗಲಿಯಿಂದ ಹಾರಿ, ಒಂದನ್ನು ಹಿಡಿದು ಎದೆಗೆ ಒತ್ತಿಕೊಂಡಳು.

ಆಮೇಲೆ ನೋಡಿದಳು. ಹಿಡಿದದ್ದು ಸೊಟ್ಟ ಬಾಯಿಯದು.

ಇನ್ನೊಂದು ಹೋಗಿ ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡಿತ್ತು.

“ಅವರನ್ನೂ ಮೆಲ್ಲಗೆ ಬಿಡಿಸಿಕೋ,” ಎಂದರು ಗುರುಗಳು. “ಪಾಪ, ಅವರಿಗೂ ಒಬ್ಬಳು ಮೊಮ್ಮಗಳು ಇರ್ತಾಳೆ.”

ಸೋಮವಾರ ಬೆಳಿಗ್ಗೆ ಇಂಚರ ಪ್ರೈಜ್ ಬಂದ ಚಿತ್ರ ಹಿಡಿದು ಹೆಡ್ ಮಾಸ್ಟ್ರ ಕೋಣೆಯ ಬಾಗಿಲಲ್ಲಿ ನಿಂತಳು. ಹೊರಗೆ ಶಾಮಿಯಾನ ಹಾಕುತ್ತಿದ್ದರು. ಮೈಕಿನವನು ಹಲೋ ಹಲೋ ಎನ್ನುತ್ತಿದ್ದ.

“ಸರ್, ಇದು ನಮ್ಮಜ್ಜಿ ಅಲ್ಲ.”

“ಮತ್ತೆ ಯಾರಮ್ಮ?”

“ಗೊತ್ತಿಲ್ಲ ಸರ್. ಯಾರದ್ದೋ ಫೋಟೋನ ಕಿಟಕಿ ಗಾಜಿನ ಮೇಲಿಟ್ಟು ತೆಗೆದಿದ್ದು.”

ಹೆಡ್ ಮಾಸ್ಟ್ರು ಕನ್ನಡಕ ತೆಗೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

“ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?” ಎಂದಷ್ಟೇ ಕೇಳಿ, ಪ್ರೈಜಿನ ಪಟ್ಟಿ ತೆಗೆದು, ಅವಳ ಹೆಸರಿನ ಮೇಲೆ ಗೆರೆ ಎಳೆದರು.

ಅವಳು ಓಡಿ ಮನೆಗೆ ಹೋಗಿ ಅಜ್ಜಿಯನ್ನು ತಡೆಯಬೇಕೆಂದುಕೊಂಡಳು. ಅಷ್ಟರಲ್ಲಿ ಅಜ್ಜಿ ಹಸಿರು ಸೀರೆಯುಟ್ಟು ಬಂದು ಮೂರನೇ ಸಾಲಿನಲ್ಲಿ ಕೂತಾಗಿತ್ತು.

ಸ್ಟೇಜಿನಿಂದ ಒಂದೊಂದೇ ಹೆಸರು ಕರೆಯುತ್ತಿದ್ದರು. ಪ್ರತಿ ಹೆಸರಿಗೂ ಅಜ್ಜಿ ಅರ್ಧ ಎದ್ದು, ಮತ್ತೆ ಕೂರುತ್ತಿದ್ದಳು.

ನಾಲ್ಕನೇ ಸಲ ಇಂಚರಳಿಗೆ ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತಳು.

“ಅಜ್ಜಿ, ಏಳಬೇಡ. ನಮ್ಮನ್ನ ಕರೆಯಲ್ಲ.”

“ಯಾಕೇ?”

ಹೇಳಿದಳು. ಎಲ್ಲ ಹೇಳಿದಳು. ಅಜ್ಜಿ ಸ್ಟೇಜಿನ ಮೇಲಿನ ಎರಡು ಡ್ಯಾನ್ಸು ಪೂರ್ತಿ ನೋಡಿದಳು.

“ಅವಳು ನೋಡೋಕೆ ನನಗಿಂತ ಚೆನ್ನಾಗಿದ್ದಾಳಾ?” ಎಂದು ಕೇಳಿದಳು ಕೊನೆಗೆ.

“ಹೌದಜ್ಜಿ.”

“ಹ್ಞೂಂ.”

ಇಂಚರ ಬ್ಯಾಗಿನಿಂದ ತೆಳ್ಳಗಾದ ಹಾಳೆ ತೆಗೆದು ಅಜ್ಜಿಯ ತೊಡೆಯ ಮೇಲಿಟ್ಟಳು. ಇಡೀ ಶಾಲೆ ನಕ್ಕರೂ ಇಷ್ಟು ಭಯವಾಗುತ್ತಿರಲಿಲ್ಲ.

ಅಜ್ಜಿ ಹಾಳೆಯನ್ನು ದೂರ ಹಿಡಿದಳು. ಹತ್ತಿರ ಹಿಡಿದಳು. ಮತ್ತೆ ದೂರ ಹಿಡಿದಳು.

“ಅಲ್ಲ ಕಣೇ, ಹುಳದ ಕಾಯಿನ ಬಲಗಡೆ ಬಿಡಿಸಿದ್ದೀಯಲ್ಲ. ನಾನು ಎಡಗಡೆಗೆ ಹಾಕೋದು.”

ಅಷ್ಟು ಹೇಳಿ, ಹಾಳೆ ಮಡಿಸದೆ, ಸೆರಗಿನ ಕೆಳಗೆ ಇಟ್ಟುಕೊಂಡಳು.

ಅವತ್ತು ಸಂಜೆ ಇಂಚರ ಆಶ್ರಮಕ್ಕೆ ಬಂದಳು. ಬೇಲಿಯ ಹತ್ತಿರ ವೇಲನ್ನು ಕೈಯಲ್ಲಿ ಹಿಡಿದುಕೊಂಡು, ನಿಧಾನವಾಗಿ ಒಳಗೆ ಕಾಲಿಟ್ಟಳು.

ಗುರುಗಳು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಅವಳು ಎದುರಿಗೆ ಕೂತು ಒಂದು ಕಾಯಿ ತೆಗೆದುಕೊಂಡಳು. ಬೆನ್ನು ಒತ್ತಿದಳು. ಬಿಡಲಿಲ್ಲ. ಇನ್ನೊಮ್ಮೆ ಒತ್ತಿದಳು. ಬಿಟ್ಟಿತು.

“ಪ್ರೈಜ್ ಹೋಯ್ತು, ಗುರುಗಳೇ,” ಎಂದಳು. “ಹೆಸರೂ ಹೋಯ್ತು. ಈಗ ಎಲ್ಲರೂ ಕಿಟಕಿ ಇಂಚರ ಅಂತಾರೆ. ನಾಳೆ ಸ್ಕೂಲಿಗೆ ಹೇಗೆ ಹೋಗಲಿ ಅಂತ ಈಗಲೂ ಹೆದರಿಕೆ ಆಗ್ತಾ ಇದೆ.”

“ಅಜ್ಜಿ?”

“ಅನ್ನದ ಅಗುಳು ಹಚ್ಚಿ ಆ ಚಿತ್ರಾನ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಹುಳದ ಕಾಯಿ ಎಡಗಡೆ ಇರಬೇಕಿತ್ತು ಅಂತ ಬಂದವರಿಗೆಲ್ಲ ಅದರ ತಪ್ಪು ತೋರಿಸ್ತಾ ಇದ್ದಾಳೆ.”

ಗುರುಗಳು ನಕ್ಕರು. ಇಂಚರಳಿಗೂ ನಗು ಬಂತು. ಆದರೆ ಒಳಗಿದ್ದ ಪ್ರಶ್ನೆ ಹೋಗಲಿಲ್ಲ. ಬಹಳ ಹೊತ್ತು ಕಾಳು ಬಿಡಿಸಿದ ಮೇಲೆ ಕೇಳಿಯೇಬಿಟ್ಟಳು.

“ಚೆನ್ನಾಗಿದೆಯಾ ಅಂತ ಕೇಳಲ್ಲ, ಗುರುಗಳೇ. ಒಂದೇ ಒಂದು ಹೇಳಿ. ಈ ಸಲ ನಾನು ಅಜ್ಜಿನ ನಿಜವಾಗ್ಲೂ ಬಿಡಿಸಿದೆನಾ?”

ಗುರುಗಳು ಹುಳ ಬಿದ್ದ ಕಾಯಿಯೊಂದನ್ನು ಆರಿಸಿ, ಎಡಗಡೆಗೆ ಹಾಕಿದರು.

“ನಿಮ್ಮಜ್ಜಿ ಎಲ್ಲೂ ಸಿಕ್ಕಿಕೊಂಡಿರಲಿಲ್ಲ ಕಣಮ್ಮ.”